ಊದಿದ ಕಾಲು, ನಾದುವ ಕೈ

ಬೀದಿಯಲ್ಲಿ ಯಾರ ಕಾಲು ಉಳುಕಿದರೂ, ಯಾರ ಸೊಂಟ ಹಿಡಿದರೂ ಮೊದಲು ನೆನಪಾಗುವವಳು ಹದದಮ್ಮ. ಕುಂಬಾರರ ಮನೆಯ ಹಿರಿಯಳು. ಒಂದು ಚಿಟಿಕೆ ಮಣ್ಣನ್ನು ಬೆರಳ ತುದಿಯಲ್ಲಿ ಹೊಸಕಿ, ಹದ ಬಂದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು. ಅದರಿಂದಲೇ ಆ ಹೆಸರು. ಮಣ್ಣು ನಾದಿದ ಕೈ ಮೈಯನ್ನೂ ನಾದಿ ಸರಿಮಾಡುತ್ತದೆ ಎಂದು ಬೀದಿಯವರು ನಂಬಿದ್ದರು. ಅವಳೂ ನಂಬಿದ್ದಳು.

ಹಾಗಾಗಿ ಅವಳ ಮಗನ ಎಡಗಾಲು ಊದಿಕೊಂಡಾಗ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಅವನು ಎದೆಯಲ್ಲಿ ಸೋಂಕಾಗಿ, ಜೋರು ಜ್ವರ ಬಂದು, ಹಾಸಿಗೆ ಹಿಡಿದು ಆಗಷ್ಟೇ ಎದ್ದಿದ್ದ. ಮೈಯಲ್ಲಿ ಕಸುವು ಬರುವ ಮೊದಲೇ ತಿಗರಿಯ ಮುಂದೆ ಕೂತು ಮಡಕೆ ಮಾಡತೊಡಗಿದ್ದ. ಬೆಳಗ್ಗೆ ಎದ್ದು ನೋಡಿದರೆ ಎಡ ಮೀನಖಂಡ ಬಿಗಿದುಕೊಂಡು, ಚರ್ಮ ಮಿರಮಿರ ಮಿಂಚುತ್ತಿತ್ತು. ಹೆಜ್ಜೆ ಊರಿದರೆ ನೋವು.

ಹದದಮ್ಮ ಒಂದು ಸಲ ನೋಡಿದಳು, ಗಂಟು ಕಟ್ಟಿದೆ ಎಂದಳು, ಎಣ್ಣೆ ಬಿಸಿಗಿಟ್ಟಳು. ಮಣ್ಣಿನಲ್ಲಿ ಗಂಟು ಉಳಿದರೆ ಸುಡುವಾಗ ಮಡಕೆ ಒಡೆಯುತ್ತದೆ, ಪಕ್ಕದ್ದನ್ನೂ ಒಡೆಯುತ್ತದೆ. ಗಂಟು ಸಿಕ್ಕಲ್ಲಿ ನಾದಿ ಬಿಡಿಸಬೇಕು. ಆ ಮನೆಯಲ್ಲಿ ಮಕ್ಕಳು ನಡೆಯಲು ಕಲಿಯುವಾಗಲೇ ಇದನ್ನೂ ಕಲಿಯುತ್ತಿದ್ದರು.

ಸೊಸೆಗೆ ಮಾತ್ರ ಒಳಗೊಳಗೇ ಅಳುಕು. ಒಂದೇ ಕಾಲು ಊದಿದೆಯಲ್ಲ ಅತ್ತೆ, ಡಾಕ್ಟರಿಗೆ ತೋರಿಸೋಣವೇ ಎಂದು ಮೆಲ್ಲಗೆ ಕೇಳಿದಳು.

"ನಿನ್ನ ಗಂಡನ್ನ ಹುಟ್ಟಿದಾಗಿಂದ ನಾದಿ ನೆಟ್ಟಗೆ ಮಾಡಿದ್ದು ನಾನು," ಎಂದಳು ಹದದಮ್ಮ. "ಆಮೇಲೆ ತಾನೇ ನಿನ್ನ ಕೈಗೆ ಕೊಟ್ಟಿದ್ದು."

"ಸರಿಯಾಗಿ ಬೇಯಿಸದೆ ಕೊಟ್ಟಿದ್ದೀಯ ಅಂತ ಅವಳ ದೂರು," ಎಂದು ಮಗ ನಗಲು ಹೋಗಿ, ನೋವಿಗೆ ಮುಖ ಹಿಂಡಿದ.

ಅವನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಹದದಮ್ಮ ಬಟ್ಟಲಿನಲ್ಲಿ ಬೆರಳು ಅದ್ದುವ ಹೊತ್ತಿಗೆ ಪಕ್ಕದ ಮನೆಯ ನರ್ಸು ಒಳಗೆ ಬಂದಳು. ಗಿಡದ ಕುಂಡ ಒಯ್ಯಲು ಬಂದವಳು. ಹದದಮ್ಮ ಅವಳನ್ನು ಕರೆಯುವುದು ಸೂಜಿಯಮ್ಮ ಎಂದೇ. ನರ್ಸು ಬಟ್ಟಲು ನೋಡಿದಳು, ಕಾಲು ನೋಡಿದಳು, ಕುಂಡದ ಮಾತೇ ಎತ್ತಲಿಲ್ಲ.

"ದೊಡ್ಡಮ್ಮ, ಕೈ ತೆಗಿ."

ಜೋರಾಗಿ ಹೇಳಿರಲಿಲ್ಲ. ಆದರೂ ಹದದಮ್ಮನ ಕೈ ಅಲ್ಲೇ ನಿಂತಿತು. ನರ್ಸು ಎರಡೂ ಕಾಲನ್ನು ಹೋಲಿಸಿ ನೋಡಿ, ಮುಂಗೈಯನ್ನು ಮೀನಖಂಡಕ್ಕೆ ಸುಮ್ಮನೆ ಸೋಕಿಸಿದಳು. ಉಸಿರು ಕಟ್ಟುತ್ತಿದೆಯೇ, ಎದೆ ನೋಯುತ್ತಿದೆಯೇ ಎಂದು ವಿಚಾರಿಸಿದಳು. ಹಾಗೇನೂ ಇಲ್ಲ ಎಂದ ಮಗ. ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಈಗಲೇ ಆಸ್ಪತ್ರೆಗೆ ಹೋಗಬೇಕು ಎಂದಳು ಅವಳು.

"ನಾನು ಹೇಳಿದ್ದೂ ಅದೇ ಅಲ್ವೇನೇ. ಗಂಟು. ನಾದಿದ್ರೆ ಕರಗುತ್ತೆ."

"ಕರಗಲ್ಲ, ಕಿತ್ಕೊಂಡು ಬರುತ್ತೆ. ಕಿತ್ತ ತುಂಡು ರಕ್ತದ ಜೊತೆ ಹರಿದು ಶ್ವಾಸಕೋಶದಲ್ಲಿ ಸಿಕ್ಕಿಬಿದ್ರೆ ಉಸಿರೇ ನಿಂತುಹೋಗಬಹುದು."

ಹದದಮ್ಮ ಒಪ್ಪಲಿಲ್ಲ. ಇಷ್ಟು ವರ್ಷ ಬೀದಿಗೆಲ್ಲ ಆಗಿಬಂದ ಕೈ ಸ್ವಂತ ಮಗನಿಗೆ ಕೇಡು ಮಾಡುತ್ತದೆಯೇ ಎಂದು ಗೊಣಗಿದಳು. ನರ್ಸು ವಾದಕ್ಕಿಳಿಯಲಿಲ್ಲ. ಅಂಗಳದ ಕಡೆ ನೋಡಿದಳು. ಮಡಕೆ ಸುಡುವ ಆವಿಗೆ ಅಲ್ಲಿ ಸಣ್ಣಗೆ ಹೊಗೆಯಾಡುತ್ತಿತ್ತು.

"ಆವಿಗೆಗೆ ಬೆಂಕಿ ಕೊಟ್ಟ ಮೇಲೆ ಒಳಗಿನ ಮಡಕೇಲಿ ಗಂಟಿದೆ ಅಂತ ಗೊತ್ತಾದ್ರೆ ಏನು ಮಾಡ್ತೀಯ ದೊಡ್ಡಮ್ಮ? ಕೈ ಹಾಕಿ ನಾದ್ತೀಯಾ?"

"ಬೆಂಕಿಯೊಳಗಿನ ಮಡಕೇನ ಯಾರು ನಾದ್ತಾರೆ? ಮುಟ್ಟಿದ್ರೆ ಚೂರಾಗುತ್ತೆ."

"ಹಾಗಾದ್ರೆ ಈ ಕಾಲಿಗೆ ಮುಂಗೈ ಸೋಕಿಸಿ ನೋಡು. ಇದೂ ಬೆಂಕಿಯೊಳಗಿದೆ."

ಹದದಮ್ಮ ಸೋಕಿಸಿದಳು. ಆ ಕಾಲು ಬೆಚ್ಚಗಿತ್ತು, ಇನ್ನೊಂದು ತಣ್ಣಗಿತ್ತು. ಅವಳ ಕಣ್ಣಮುಂದೆ ನಾದಿನಿ ಬಂದಳು, ಗಂಡನ ತಂಗಿ. ಬಾಣಂತಿಯಾಗಿದ್ದಾಗ ಅವಳಿಗೂ ಒಂದೇ ಕಾಲು ಊದಿತ್ತು, ಹೀಗೇ ಮಿಂಚುತ್ತಿತ್ತು. ನೀರಿಗೆಂದು ಎದ್ದವಳು ಏದುಸಿರು ಬಿಡುತ್ತಾ ಬಾಗಿಲಲ್ಲೇ ಕುಸಿದು ಹೋಗಿದ್ದಳು. ಎದೆ ನಿಂತಿತು ಎಂದರು ಎಲ್ಲರೂ. ಕಾಲಿನ ವಿಷಯ ಯಾರೂ ಎತ್ತಿರಲಿಲ್ಲ.

ಹದದಮ್ಮ ಬೆರಳಿನ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡಳು. ಬಟ್ಟಲನ್ನು ಕಾಲಿನಿಂದ ಮಂಚದ ಕೆಳಗೆ ನೂಕಿ, ಆಟೋ ಕರೆ ಎಂದಳು ಸೊಸೆಗೆ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ನರ್ಸು ಅಂದದ್ದೇ ನಿಜವಾಗಿತ್ತು. ಹೆಪ್ಪು ಬೆಳೆಯದಂತೆ ತಡೆಯುವ ಇಂಜೆಕ್ಷನ್ ಆಗಲೇ ಶುರುವಾಯಿತು. ಸಂಜೆ ಡಾಕ್ಟರಮ್ಮ ಬಂದಾಗ ಹದದಮ್ಮ ಎದ್ದು ನಿಂತಳು. ಸೋಂಕು ಇದ್ದದ್ದು ಎದೆಯಲ್ಲಿ, ಹೆಪ್ಪು ಕಾಲಿಗೆ ಹೇಗೆ ಬಂತು ಎಂದು ಕೇಳಿದಳು.

ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಕೂತರು. ಗಾಯವಾದಾಗ ರಕ್ತ ಹೆಪ್ಪುಗಟ್ಟಲೇಬೇಕು, ಆದರೆ ಅದು ಅತಿಯಾಗದಂತೆ ಕಾಯುವ ಪ್ರೋಟೀನುಗಳೂ ರಕ್ತದಲ್ಲೇ ಇವೆ ಎಂದರು. ಅದರಲ್ಲಿ ಒಂದಕ್ಕೆ ಪ್ರೋಟೀನ್ ಸಿ ಎಂದು ಹೆಸರು. ಅದಕ್ಕೆ ಎರಡು ಕೆಲಸ. ಹೆಪ್ಪನ್ನು ಹದ್ದುಬಸ್ತಿನಲ್ಲಿ ಇಡುವುದು ಒಂದು. ಸೋಂಕು ತಗುಲಿದಾಗ ಮೈಯೊಳಗೆ ಏಳುವ ಉರಿಯೂತವನ್ನು ತಣಿಸುವುದು ಇನ್ನೊಂದು. ಸೋಂಕು ಜೋರಾದರೆ ಇಂಥ ಪ್ರೋಟೀನುಗಳು ದುಡಿದು ದುಡಿದು ಕಡಿಮೆಯಾಗುತ್ತವೆ. ಆಗ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಹೆಪ್ಪಿದ್ದಲ್ಲಿ ಉರಿಯೂತ ಏರುತ್ತದೆ, ಉರಿಯೂತ ಮತ್ತೆ ಹೆಪ್ಪನ್ನು ಹೆಚ್ಚಿಸುತ್ತದೆ. ಜ್ವರದಲ್ಲಿ ಅಲ್ಲಾಡದೆ ಮಲಗಿದ್ದರಿಂದ ಕಾಲಿನಲ್ಲಿ ರಕ್ತದ ಓಟವೂ ನಿಧಾನವಾಗಿತ್ತು.

ಹದದಮ್ಮ ತನ್ನ ಅಂಗೈಯನ್ನೊಮ್ಮೆ ನೋಡಿಕೊಂಡಳು.

"ಅಂದ್ರೆ ಆವಿಗೆ ಕಾಯೋನು ಸುಸ್ತಾಗಿ ಬಿದ್ದ," ಎಂದಳು.

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಆವಿಗೆ ಕಾಯುವವನೇ ಬೂದಿ ಕೆದಕುತ್ತಾನೆ, ಉರಿ ಎದ್ದರೆ ಹಸಿ ಮಣ್ಣು ಮೆತ್ತಿ ಗಾಳಿಕಿಂಡಿಯನ್ನೂ ಮುಚ್ಚುತ್ತಾನೆ, ಅವನು ಮಲಗಿಬಿಟ್ಟರೆ ಒಂದು ಕಡೆ ಬೂದಿ ಕಟ್ಟಿಕೊಂಡು ಇನ್ನೊಂದು ಕಡೆ ಉರಿ ಏಳುತ್ತದೆ ಎಂದು ಹದದಮ್ಮ ಬಿಡಿಸಿ ಹೇಳಿದಳು. ಡಾಕ್ಟರಮ್ಮ ನಕ್ಕರು.

"ಕೆಲವು ಮನೆತನದಲ್ಲಿ ಈ ಕಾಯೋರು ಹುಟ್ಟಿನಿಂದಲೇ ಕಮ್ಮಿ ಇರ್ತಾರೆ ಅಮ್ಮ. ನಿಮ್ಮ ಮನೇಲಿ ಮೊದಲು ಯಾರಿಗಾದ್ರೂ ಹೀಗಾಗಿತ್ತಾ?"

ಹದದಮ್ಮ ನಾದಿನಿಯ ವಿಷಯ ಹೇಳಿದಳು. ಅದನ್ನು ಬರೆದುಕೊಂಡ ಡಾಕ್ಟರಮ್ಮ, ಅದಕ್ಕೊಂದು ರಕ್ತಪರೀಕ್ಷೆ ಇದೆ, ಆದರೆ ಈಗ ಮಾಡಿದರೆ ತಪ್ಪು ಫಲಿತಾಂಶ ಬರಬಹುದು, ಹೆಪ್ಪು ವಾಸಿಯಾದ ಮೇಲೆ ತಕ್ಕ ಸಮಯ ನೋಡಿ ಮಾಡೋಣ ಎಂದರು. ಮನೆಯ ಹೆಣ್ಣುಮಕ್ಕಳು ಗರ್ಭಿಣಿಯಾದರೆ ಈ ವಿಷಯವನ್ನು ಡಾಕ್ಟರಿಗೆ ಮೊದಲೇ ತಿಳಿಸಬೇಕು ಎಂದೂ ಹೇಳಿದರು.

ಇಂಜೆಕ್ಷನ್ ಬದಲು ಮಾತ್ರೆ ಬರೆಸಿಕೊಂಡು ಮಗ ಮನೆಗೆ ಬಂದ. ಊತ ಇಳಿಯಿತು. ಇಳಿದ ಕೂಡಲೇ ಮಾತ್ರೆ ಸಾಕು ಎಂದು ರಾಗ ತೆಗೆದ.

"ಮೇಲೆ ಹೊಗೆ ನಿಂತಿತು ಅಂತ ಆವಿಗೆ ಬಿಚ್ತೀಯೇನೋ?" ಎಂದಳು ತಾಯಿ. "ಒಳಗೂ ಆರಬೇಕು."

ಅವನು ಮಾತ್ರೆ ನುಂಗಿದ. ಈಗ ನಡುನಡುವೆ ತಿಗರಿ ನಿಲ್ಲಿಸಿ ಅಂಗಳದಲ್ಲಿ ಅಡ್ಡಾಡುತ್ತಾನೆ. ಸೊಸೆ ಕುಡಿಯುವ ನೀರು ತಂದು ಕೈಗೆ ಕೊಡುತ್ತಾಳೆ, ನನ್ನ ಗಂಡ ಈಗ ಸರಿಯಾಗಿ ಬೆಂದ ಅನ್ನಿಸುತ್ತೆ ಎಂದು ಛೇಡಿಸುತ್ತಾಳೆ.

ಮೊನ್ನೆ ಬಸ್ಸಿನ ಡ್ರೈವರ್ ಕುಂಟುತ್ತಾ ಬಂದ. ದೂರದ ಪ್ರಯಾಣ ಮುಗಿಸಿ ಬಂದವನಿಗೆ ಬಲಗಾಲು ಊದಿತ್ತು. ಹದದಮ್ಮ ಎದ್ದಳು. ಉಳುಕಿತೇ, ಬಿದ್ದೆಯಾ, ಎರಡೂ ಊದಿವೆಯೋ ಒಂದೋ ಎಂದು ಕೇಳಿದಳು. ಮುಂಗೈ ಸೋಕಿಸಿದಳು. ಆಮೇಲೆ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು, ಆಸ್ಪತ್ರೆಗೆ ನಡಿ ಎಂದಳು.

"ನಿನ್ನ ಕೈಗುಣ ನಂಬ್ಕೊಂಡು ಬಂದೆನಲ್ಲಮ್ಮ," ಎಂದ ಅವನು.

"ಇವತ್ತು ಈ ಕೈಯ ಗುಣ ಸುಮ್ಮನಿರೋದು ಕಣಪ್ಪ. ಆಟೋ ಹತ್ತು."

ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಿಗಾದರೂ ಜೋರು ಸೋಂಕು, ಆಪರೇಷನ್, ಹೆರಿಗೆಯ ನಂತರ, ಅಥವಾ ಬಹಳ ಹೊತ್ತು ಕೂತೇ ಇದ್ದ ಮೇಲೆ ಒಂದೇ ಕಾಲು ಊದಿ, ನೋವಾಗಿ, ಬೆಚ್ಚಗಾದರೆ ಉಜ್ಜಬೇಡಿ, ತಿಕ್ಕಬೇಡಿ. ಅದೇ ದಿನ ಡಾಕ್ಟರಿಗೆ ತೋರಿಸಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ಗಳಿಗೆಯೂ ಕಾಯಬೇಡಿ, ಆಂಬುಲೆನ್ಸ್ ಕರೆಯಿರಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ಡಾಕ್ಟರು ಹೇಳುವ ತನಕ ನಿಲ್ಲಿಸಬೇಡಿ. ಮನೆತನದಲ್ಲಿ ಹಿಂದೆ ಯಾರಿಗಾದರೂ ಹೀಗಾಗಿದ್ದರೆ ಮರೆಯದೆ ಹೇಳಿ. ನಿಮ್ಮ ಮೈಯೊಳಗೂ ಒಬ್ಬ ಆವಿಗೆ ಕಾಯುವವನಿದ್ದಾನೆ. ಅವನು ಸೋತ ದಿನ ಅವನ ನೆರವಿಗೆ ಹೊತ್ತಿಗೆ ಸರಿಯಾಗಿ ಜನ ಕರೆಯುವುದು ನಿಮ್ಮ ಕೈಯಲ್ಲಿದೆ.