ಲಕ್ಷಕ್ಕೆ ನಾಲ್ಕು ಕಡಿಮೆ

"ಇನ್ನು ನಾಲ್ಕು ದಳ," ಎಂದು ಸಿದ್ದಬಸಪ್ಪ ಮೇಷ್ಟ್ರು ಲಿಂಗದ ಮುಂದೆ ಕೈ ತಡೆದರು. ಬುಟ್ಟಿಯಲ್ಲಿ ಬಿಲ್ವಪತ್ರೆಗೇನೂ ಕೊರತೆಯಿರಲಿಲ್ಲ. ಆದರೆ ಪತ್ರೆಯೊಂದಕ್ಕೆ ಮೂರು ದಳ. ಒಂದು ಪತ್ರೆ ಏರಿಸಿದರೆ ಲಕ್ಷಕ್ಕೆ ಒಂದು ದಳ ಕಡಿಮೆ. ಎರಡು ಏರಿಸಿದರೆ ಎರಡು ಹೆಚ್ಚು. ಹರಿದ ಪತ್ರೆ ಪೂಜೆಗೆ ಸಲ್ಲದು.

ಮಗಳು ಚೆನ್ನಾಜಿಯ ಚಳಿಜ್ವರಕ್ಕೆ ದೊರೆ ಸರ್ಕಾರದ ಕ್ವಿನೈನೂ ಫಲಿಸದಾಗ ಕೊಡ್ಲಿಪೇಟೆಯ ಗುಡಿಯಲ್ಲಿ ಹೊತ್ತ ಹರಕೆ ಅದು: ಕಾರ್ತಿಕದ ಕೊನೆಯ ಸೋಮವಾರದೊಳಗೆ ಲಕ್ಷ ಬಿಲ್ವಾರ್ಚನೆ. ಊರಿನಲ್ಲಿ ಲಕ್ಷವೆಂದರೆ ಲಕ್ಷ ಪತ್ರೆ. ಅಷ್ಟನ್ನು ಹೊಂದಿಸುವುದರೊಳಗೆ ಮಗಳು ಉಳಿಯಲಾರಳೆಂದು ಹೆದರಿದ ಮೇಷ್ಟ್ರು, ಪತ್ರೆಯನ್ನಲ್ಲ, ದಳವನ್ನೇ ಎಣಿಸುವೆನೆಂದು ದೇವರೆದುರು ನುಡಿದಿದ್ದರು. ಕೆಲಸ ಮೂರರಲ್ಲೊಂದು ಪಾಲಿಗೆ ಇಳಿದಿತ್ತು. ಆ ಕೊನೆಯ ಸೋಮವಾರ ಇಂದೇ.

ಮಠದ ಅಯ್ಯನವರು ನಕ್ಕರು. "ಏನ್ ಮೇಷ್ಟ್ರೇ, ಶಿವನ್ನೂ ನಿಮ್ಮ ಸ್ಕೂಲಿಗೆ ಸೇರಿಸ್ಕಂಡ್ರಾ? ಎರಡು ಹೆಚ್ಚಾದ್ರೆ ಅವ್ನೇನು ಬೇಡ ಅಂತಾನಾ? ಏರಿಸ್ಬಿಟ್ಟು ಮನೇಗೋಗಿ."

"ಲೆಕ್ಕ ಇಳಿಸ್ದೋನು ನಾನು, ಬುದ್ಧೀ. ಈಗ ಅದೂ ತಪ್ಪಿದ್ರೆ ಮಗಳು ಉಳಿಯಾಕಿಲ್ಲ."

ನೆಲದ ವಿಭೂತಿಯ ಪುಡಿಯ ಮೇಲೆ ಅವರ ಬೆರಳು ಒಂದನ್ನೂ ಐದು ಸೊನ್ನೆಗಳನ್ನೂ ಬರೆಯಿತು. ಒಂದರ ಮುಂದೆ ಎಷ್ಟೇ ಸೊನ್ನೆ ಬರೆದರೂ ಅಂಕಿಗಳನ್ನು ಕೂಡಿದರೆ ಒಂದೇ; ಮೂರರಿಂದ ಭಾಗಿಸಿದರೆ ಒಂದು ಉಳಿದೇ ಉಳಿಯುತ್ತದೆ. ಹತ್ತಾದರೂ ಅಷ್ಟೇ, ಕೋಟಿಯಾದರೂ ಅಷ್ಟೇ. ವರ್ಷವರ್ಷವೂ ಮಕ್ಕಳಿಂದ ಬಾಯಿಪಾಠ ಹೇಳಿಸಿದ ಮಾತು, ಹರಕೆ ಹೊರುವಾಗ ನೆನಪಾಗಿರಲಿಲ್ಲ.

ನಾಲ್ಕು ದಳದ ಪತ್ರೆ ಅಪರೂಪಕ್ಕೆ ಸಿಗುವುದುಂಟು. ಮೇಷ್ಟ್ರು ಓಡುತ್ತ ಬಂದು ಮನೆಯ ಹಿಂದಿನ ಬಿಲ್ವದ ಮರ ಹತ್ತಿದರು. ಹೆಂಡತಿ ಹಾಲಮ್ಮ ಹಿತ್ತಲ ಬಾಗಿಲಿಗೆ ಬಂದಳು.

"ಅಪ್ಪ ಎಲ್ಲಿ ಅಂತ ಕೇಳ್ತಾವ್ಳೆ. ಇಳೀರಿ."

"ಬಂದೆ. ಒಂದೇ ಒಂದು ಸಿಗ್ಲಿ."

"ಮರ ಎಲ್ಲಿಗೋಯ್ತದೆ? ಕೈಕಾಲು ತಣ್ಣಗಾಗ್ತಾ ಅವೆ. ಬಂದು ಕೈ ಹಿಡ್ಕಳ್ಳಿ."

"ನಿನ್ ಮಗಳಿಗೇ ಕಣೇ ನಾನು ಹತ್ತಿರೋದು!"

ಮುಳ್ಳು ಗೀರಿ ತೋಳುಗಳಲ್ಲಿ ರಕ್ತ ಜಿನುಗುತ್ತಿತ್ತು. ಕೊಂಬೆ ಬಗ್ಗಿಸಿದಲ್ಲೆಲ್ಲ ಮೂರು, ಮತ್ತೆ ಮೂರು. ಹಾಲಮ್ಮ ಇನ್ನೊಮ್ಮೆ ಕರೆದಳು. ಆಮೇಲೆ ಕರೆಯಲಿಲ್ಲ. ಹೊತ್ತು ಇಳಿದು ಬಿಸಿಲು ತುದಿಗೊಂಬೆಯಲ್ಲಷ್ಟೇ ಉಳಿದಾಗ ಅಲ್ಲೊಂದು ಪತ್ರೆ ಕಂಡಿತು. ಮುಟ್ಟಿ ಮುಟ್ಟಿ ಎಣಿಸಿದರು. ನಾಲ್ಕು. ಅದನ್ನು ಕೀಳುತ್ತಿರುವಾಗಲೇ ಮನೆಯೊಳಗಿಂದ ಹಾಲಮ್ಮನ ಅಳು ಕೇಳಿಸಿತು.

ಮರುದಿನ ಚೆನ್ನಾಜಿಯನ್ನು ಸಮಾಧಿಯಲ್ಲಿ ಕೂರಿಸಿ ಸುತ್ತಲೂ ವಿಭೂತಿ, ಪತ್ರೆ ತುಂಬಿದರು. ಬುಟ್ಟಿಗಟ್ಟಲೆ ಸುರಿದ ಆ ಪತ್ರೆಯನ್ನು ಯಾರೂ ಎಣಿಸಲಿಲ್ಲ. ಅಯ್ಯನವರು ಕಣ್ಣಲ್ಲೇ ಸೂಚಿಸಿದ ಮೇಲೆ ಮೇಷ್ಟ್ರು ಮುಷ್ಟಿ ಬಿಚ್ಚಿದರು. ಬಾಡಿದ ಪತ್ರೆ ಬೆವರಿಗೆ ಅಂಗೈಗೆ ಅಂಟಿಕೊಂಡಿತ್ತು. ಹಾಲಮ್ಮ ಬಾಗಿ ಅದನ್ನು ಬಿಡಿಸಿದಳು. ಮೂರು ದಳ ಅವಳ ಕೈಗೆ ಬಂದವು. ಒಂದು ಅಂಗೈಯಲ್ಲೇ ಉಳಿಯಿತು.