ಮೇಸ್ತ್ರಿಯ ಸೀಟಿ

ನನ್ನ ಯಜಮಾನರಿಗೆ ಕಿವಿ ಕೇಳುವುದಿಲ್ಲ ಎಂದು ಮೇಸ್ತ್ರಿಗೆ ಗೊತ್ತಾಗಿದ್ದರೆ ಅವತ್ತೇ ಕೆಲಸದಿಂದ ಕಿತ್ತುಹಾಕುತ್ತಿದ್ದ. ಹಳೇ ಹಡಗು ಒಡೆಯುವ ಜಾಗದಲ್ಲಿ ಕಿವಿಯೇ ಜೀವ. ಮೇಲಿನಿಂದ ಕಬ್ಬಿಣದ ಹಲಗೆ ಕತ್ತರಿಸಿ ಕೆಡವುವ ಮುಂಚೆ ಮೇಸ್ತ್ರಿ ಸೀಟಿ ಊದುತ್ತಾನೆ. ಕೆಳಗಿದ್ದವರು ಎದ್ದೆನೋ ಬಿದ್ದೆನೋ ಅಂತ ಓಡಬೇಕು. ನಮಗಿರುವ ರಕ್ಷಣೆ ಅಷ್ಟೇ. ಹೆಲ್ಮೆಟ್ಟುಗಳು ಸಾಹೇಬರು ಬಂದ ದಿನ ಮಾತ್ರ ಹೊರಗೆ ಬರುತ್ತವೆ.

ಸುತ್ತಿಗೆಯ ಸದ್ದೇ ಯಜಮಾನರ ಕಿವಿ ತಿಂದಿತ್ತು.

"ನಾನಿಲ್ವೇನ್ರೀ? ನನ್ನ ಕಿವಿನೇ ನಿಮ್ದು ಅಂದ್ಕೊಳ್ಳಿ," ಎಂದು ಅವರ ಮುಖದ ಹತ್ತಿರ ಕೂಗಿ ಹೇಳಿ, ನಾನೂ ಅಲ್ಲೇ ಕಬ್ಬಿಣದ ಚೂರು ಹೊರುವ ಕೆಲಸಕ್ಕೆ ಸೇರಿದೆ. ಸೀಟಿ ಕೇಳಿದ್ದೇ ತಡ, ಅವರ ಅಂಗಿ ಹಿಡಿದು ಎಳೆದುಕೊಂಡು ಓಡುತ್ತಿದ್ದೆ.

"ಹೆಂಡ್ತಿ ಸೆರಗು ಹಿಡ್ಕೊಂಡ ಗಂಡಂದಿರನ್ನ ನೋಡಿದೀವಿ, ಗಂಡನ ಅಂಗಿ ಬಿಡದ ಹೆಂಡ್ತಿನ ಈಗ್ಲೇ ನೋಡಿದ್ದು," ಎಂದು ಜೊತೆಯವರು ನಗುತ್ತಿದ್ದರು. ನಗಲಿ. ಯಜಮಾನರ ಮೈಗೆ ಒಂದು ಗೀರೂ ಬೀಳದಂತೆ ಕಾದಿದ್ದೇನೆಂದು ನನಗೆ ಜಂಬ.

ಈಚೆಗೆ ಮನೆಯಲ್ಲೇ ನನ್ನ ತಲೆ ಕೆಡುತ್ತಿತ್ತು. ಅತ್ತೆ ಬಾಯೊಳಗೇ ಗೊಣಗುತ್ತಿದ್ದರು. ಮಗಳಂತೂ ಬಾಯಿ ಬಿಟ್ಟು ಮಾತೇ ಆಡುತ್ತಿರಲಿಲ್ಲ.

"ಅಮ್ಮಾ, ಕುಕ್ಕರ್ ಕೂಗಿ ಕೂಗಿ ಎಲ್ಲಾ ಸೀದೋಯ್ತು!" ಎಂದು ಒಂದು ದಿನ ಅವಳು ಬಂದು ನನ್ನ ಭುಜ ಅಲುಗಿಸಿ ಕಿರುಚಿದಳು.

"ಎಲ್ಲೇ ಕೂಗ್ತು? ಹಾಳಾದ್ದು, ಕೆಟ್ಟೋಗಿದೆ," ಎಂದು ಕುಕ್ಕರಿಗೂ ಬೈದೆ.

ಅದೇ ವಾರ ಯಜಮಾನರು ಹಡಗಿನ ಬುಡದಲ್ಲಿ ಬಗ್ಗಿ, ಬಿದ್ದ ಹಲಗೆಯನ್ನು ಗ್ಯಾಸಿನಿಂದ ಕತ್ತರಿಸುತ್ತಿದ್ದರು. ನಾಲ್ಕು ಮಾರು ಈಚೆ ನಾನು ಬೆನ್ನು ತಿರುಗಿಸಿ ಬುಟ್ಟಿ ತುಂಬುತ್ತಿದ್ದೆ. ತಲೆಯೆತ್ತಿದರೆ ಎಲ್ಲರೂ ಓಡುತ್ತಿದ್ದಾರೆ. ಅವರ ಕಡೆ ತಿರುಗುವಷ್ಟರಲ್ಲಿ ಯಾರೋ ನನ್ನ ರಟ್ಟೆ ಹಿಡಿದು ಎಳೆದರು. ಕಾಲ ಕೆಳಗೆ ನೆಲ ಅದುರಿತು.

ನಾನು ಎಳೆದೆಳೆದು ಜೋತುಬಿದ್ದಿದ್ದ ಅವರ ಅಂಗಿಯ ತುದಿಯೊಂದು ಮೇಲಿಂದ ಬಿದ್ದ ಹಲಗೆಯಡಿಯಿಂದ ಹೊರಗೆ ಚಾಚಿತ್ತು. ಅದನ್ನೇ ಹಿಡಿದು ಎಳೆದೆ. ಅಯ್ಯೋ ದೇವರೇ, ಎಷ್ಟು ಎಳೆದೆ!

ಆಮೇಲೆ ಹೋಗಿ ಮೇಸ್ತ್ರಿಯ ಕೊರಳಪಟ್ಟಿ ಹಿಡಿದೆ. "ಪಾಪಿ! ಸೀಟಿ ಯಾಕೋ ಊದ್ಲಿಲ್ಲ? ನನ್ನ ಗಂಡನ್ನ ಕೊಂದ್ಬಿಟ್ಯಲ್ಲೋ!"

"ಊದಿದ್ರು ಅಕ್ಕಾ, ನಮ್ಗೆಲ್ಲಾ ಕೇಳಿಸ್ತು," ಎಂದು ನನ್ನನ್ನು ಎಳೆದವನು ಕಿವಿಯ ಹತ್ತಿರ ಬಂದು ಅರಚಿದ.

"ಸುಳ್ಳು! ಎಲ್ಲಾ ಸೇರ್ಕೊಂಡು ನಾಟಕ ಆಡ್ತಿದೀರಾ!"

ಮೇಸ್ತ್ರಿಯ ಕಣ್ಣಲ್ಲೂ ನೀರಿತ್ತು. ಕೊರಳಲ್ಲಿ ನೇತಾಡುತ್ತಿದ್ದ ಸೀಟಿಯನ್ನು ಬಾಯಿಗಿಟ್ಟುಕೊಂಡು ನನ್ನ ಮುಖದೆದುರೇ ನಿಂತ. ಅವನ ಕೆನ್ನೆ ಉಬ್ಬಿತು, ಕತ್ತಿನ ನರ ಎದ್ದಿತು. ಸುತ್ತ ಇದ್ದವರು ಕಿವಿ ಮುಚ್ಚಿಕೊಂಡರು.

"ಊದೋ," ಎಂದೆ. "ಯಾಕೋ ಊದ್ತಿಲ್ಲ?"