ಮುರಿದ ಸೂಜಿ, ಪ್ರಾಕ್ಟಿಕಲ್ ಜನ

ಆ ಒಂದು ಪದ ಕಿವಿಗೆ ಬಿದ್ದರೆ ಸಾಕು, ದೊಡ್ಡಕ್ಕನಿಗೆ ಅಂಗಾಲಿನ ಉರಿ ನೆತ್ತಿಗೇರುತ್ತಿತ್ತು. ಪ್ರಾಕ್ಟಿಕಲ್! ಅವತ್ತು ಬೆಳಿಗ್ಗೆ ಗಂಡನೂ ಅದನ್ನೇ ಆಡಿದ್ದ. "ಮಗಳಿಗೆ ಚಿತ್ರ ಬಿಡಿಸೋ ಕ್ಲಾಸೆಲ್ಲ ಯಾಕೆ? ಸ್ವಲ್ಪ ಪ್ರಾಕ್ಟಿಕಲ್ ಆಗಿರು." ಹಾಗಂದವನು ತನ್ನ ಹೊಸ ಮೊಬೈಲನ್ನು ಅಂಗಿಯ ಅಂಚಿನಿಂದ ಉಜ್ಜುತ್ತ ಕೂತಿದ್ದ. ಈ ಪದ ಹೇಳುವವರು ಯಾವತ್ತೂ ತಮ್ಮದೇನನ್ನೂ ಬಿಡುವುದಿಲ್ಲ, ಬಿಡಬೇಕಾದವರು ಕೇಳಿಸಿಕೊಂಡವರೇ. ಅದರ ಅರ್ಥ ಇಷ್ಟೇ ಎಂದು ಅವಳು ತೀರ್ಮಾನಿಸಿ ವರ್ಷಗಳಾಗಿದ್ದವು.

ಎಳೆಗೂಸುಗಳ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ದೊಡ್ಡಕ್ಕ ಒಂದು ಸಾಲಿನ ಮೇಲ್ವಿಚಾರಕಿ. ಅಲ್ಲೊಂದು ಕಟ್ಟುನಿಟ್ಟು: ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ, ಜೋಡಿಸಿ, ಪೂರ್ತಿ ಸೂಜಿಯಾಯಿತೆಂದು ತೋರಿಸಬೇಕು. ಆಮೇಲೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಆಗ ಹೊಲಿಯುತ್ತಿದ್ದ ಇಡೀ ಕಟ್ಟಿನ ಬಟ್ಟೆ ಹೊರಗೆ ಹೋಗುವಂತಿಲ್ಲ.

ಮಧ್ಯಾಹ್ನ, ಅದೇ ಸಾಲಿನಲ್ಲಿ ಹೊಲಿಯುತ್ತಿದ್ದ ಅವಳ ನಾದಿನಿಯ ಮಷಿನ್ನಿನಲ್ಲಿ ಸೂಜಿ ಟಪ್ಪೆಂದಿತು. ಹಿಡಿ ಸಿಕ್ಕಿತು, ನಡುವಿನ ಚೂರು ಸಿಕ್ಕಿತು, ತುದಿ ಇಲ್ಲ. ನೆಲ ಗುಡಿಸಿದರು, ಆಯಸ್ಕಾಂತ ಆಡಿಸಿದರು. ಹತ್ತಿ ತುಂಬಿದ ಅಂಗಿಗಳನ್ನು ಅತ್ತಿಗೆ-ನಾದಿನಿ ಇಬ್ಬರೂ ಹಿಚುಕಿ ಹಿಚುಕಿ ನೋಡಿದರು. ಲೋಹ ಪತ್ತೆ ಮಾಡುವ ಯಂತ್ರ ಕೆಟ್ಟು ಮೂಲೆ ಹಿಡಿದಿತ್ತು. ಗೇಟಿನಲ್ಲಿ ಲಾರಿ ಹಾರ್ನ್ ಹೊಡೆಯುತ್ತಿತ್ತು.

ಮ್ಯಾನೇಜರ್ ಬಂದವನೇ ನಕ್ಕ. "ತುದಿ ಎಲ್ಲೂ ಹೋಗಿಲ್ಲ ದೊಡ್ಡಕ್ಕ, ನಿಮ್ಮ ನಾಲಿಗೇಲೇ ಇರ್ಬೇಕು ನೋಡಿ."

"ಈ ಕಟ್ಟು ತೆಗೆದಿಡಿ ಸಾರ್."

"ಒಂದು ಕಟ್ಟು ಕಮ್ಮಿಯಾದ್ರೆ ಇಡೀ ಆರ್ಡರ್ ವಾಪಸ್ ಬರುತ್ತೆ." ಅವನು ಜೇಬಿನಿಂದ ಯಾವುದೋ ಹಳೇ ಸೂಜಿಯ ತುದಿ ತೆಗೆದು ಆ ಎರಡು ಚೂರುಗಳ ಪಕ್ಕ ಇಟ್ಟ. ಅಚ್ಚುಕಟ್ಟಾಗಿ ಕೂತಿತು. "ನೋಡಿ, ಸೂಜಿ ಪೂರ್ತಿಯಾಯ್ತು. ಸ್ವಲ್ಪ ಪ್ರಾಕ್ಟಿಕಲ್ ಆಗಿರಿ."

"ಜೋಡಿಸಿದ್ದು ನೀವು. ಚುಚ್ಚಿಸಿಕೊಳ್ಳೋದು ಯಾರದ್ದೋ ಕೂಸು."

"ನಾನು ಒಳ್ಳೇ ಮಾತಲ್ಲಿ ಹೇಳ್ತಿದೀನಿ."

ನಾದಿನಿ ಅವಳ ಸೆರಗು ಜಗ್ಗಿದಳು. "ಅತ್ತಿಗೆ, ಸುಮ್ನಿರಿ. ಸೂಜಿ ಮುರಿದವಳು ನಾನು, ಮೊದಲು ನನ್ನೇ ಮನೆಗೆ ಕಳಿಸ್ತಾರೆ. ನೀವೂ ಸ್ವಲ್ಪ ಪ್ರಾಕ್ಟಿ..."

"ಆ ಪದ ಮುಗಿಸಿದ್ಯೋ, ನೋಡು!"

ನಾದಿನಿ ಸೆರಗು ಬಿಟ್ಟಳು. ದೊಡ್ಡಕ್ಕ ಮೇಜಿನ ಮೇಲಿನ ದೊಡ್ಡ ಕತ್ತರಿ ಎತ್ತಿಕೊಂಡಳು. ಮೊದಲ ಅಂಗಿಯನ್ನು ಕತ್ತಿನಿಂದ ಅಂಚಿನವರೆಗೆ ಸೀಳಿದಳು. ಹತ್ತಿ ಹೊರಗೆ ಉಕ್ಕಿತು. ಎರಡನೆಯದನ್ನೂ ಸೀಳಿದಳು. ತಾನೇ ಮುಂದೆ ನಿಂತು ಹೊಲಿಸಿದ್ದ ಹೊಲಿಗೆ. ಮೂರನೆಯದನ್ನು ಎಳೆದುಕೊಂಡಳು.

"ಹುಚ್ಚು ಹಿಡಿದಿದೆಯೇನ್ರೀ ನಿಮಗೆ!" ಮ್ಯಾನೇಜರ್ ಕಟ್ಟಿಗೆ ಕೈಹಾಕಿದ. ಅವನ ಬೆರಳಿನ ಮುಂದೆಯೇ ಕತ್ತರಿ ಬಾಯಿ ತೆರೆಯಿತು. ಕೈ ಹಿಂದಕ್ಕೆ ಹೋಯಿತು.

"ಇಷ್ಟು ಹೊತ್ತು ನೀವು ಹೇಳಿದ್ದನ್ನೇ ಮಾಡ್ತಿದೀನಿ ಸಾರ್. ಅಂಗಿ ಹರಿದಿದ್ರೆ ಲಾರಿ ಹತ್ತಲ್ಲ. ಇದಕ್ಕಿಂತ ಪ್ರಾಕ್ಟಿಕಲ್ ಇನ್ನೇನಿದೆ?"

ಅಷ್ಟೂ ಮಷಿನ್ನುಗಳು ನಿಂತಿದ್ದವು. ಕಡೆಯ ಅಂಗಿಯನ್ನೂ ಸೀಳಿದ ಮೇಲೆ ಅವಳು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. ಆ ಹತ್ತಿಯ ರಾಶಿಯಲ್ಲೂ ತುದಿ ಕಾಣಿಸಲಿಲ್ಲ.

"ನಾಳೆಯಿಂದ ಬರ್ಬೇಡಿ," ಎಂದ ಮ್ಯಾನೇಜರ್.

"ಬರಲ್ಲ. ಈ ಕಟ್ಟೂ ಹೋಗಲ್ಲ."

ಗೇಟಿನ ಹತ್ತಿರ ನಾದಿನಿ ಓಡಿಬಂದು ಅವಳು ಮರೆತ ಊಟದ ಡಬ್ಬಿ ಕೈಗಿಟ್ಟಳು. ಕಣ್ಣುಗಳು ಕೆಂಪಾಗಿದ್ದವು. "ಮ್ಯಾನೇಜರ್ ನನಗೇನೂ ಅನ್ನಲಿಲ್ಲ. ಸಿಟ್ಟೆಲ್ಲ ನಿಮ್ಮ ಮೇಲೇ. ಅತ್ತಿಗೆ, ಅಣ್ಣ ಕೇಳಿದ್ರೆ ಏನಂತೀರಿ?"

"ನಡೆದದ್ದನ್ನೇ ಹೇಳ್ತೀನಿ." ದೊಡ್ಡಕ್ಕ ಡಬ್ಬಿಯನ್ನು ಕಂಕುಳಿಗೆ ಸೇರಿಸಿದಳು. "ಅವರ ಬಾಯಿಂದ ಆ ಪದ ಬಂದ್ರೆ, ಅದನ್ನೇ ಬೇಯಿಸ್ಕೊಂಡು ತಿನ್ನಲಿ. ಇವತ್ತು ಒಲೆ ಮುಂದೆ ನಾನಂತೂ ನಿಲ್ಲಲ್ಲ."